ಕೀಷೋನ್ ಹಳ್ಳದ ಯುದ್ಧವನ್ನು ಓದುವ ಬಗೆ

ಹೀಬ್ರೂ ಧರ್ಮಗ್ರಂಥದ, ಅಂದರೆ ಬೈಬಲಿನ ಹಳೆಯ ಒಡಂಬಡಿಕೆಯ, 'ನ್ಯಾಯಸ್ಥಾಪಕರು' ಎಂಬ ಪುಸ್ತಕದ ನಾಲ್ಕನೆಯ ಅಧ್ಯಾಯದಲ್ಲಿ ಒಂದು ಸಣ್ಣ ಮಾತು ಬರುತ್ತದೆ. 900 ಕಬ್ಬಿಣದ ರಥಗಳ ಒಡೆಯನಾದ ಕಾನಾನ್ಯ ಸೇನಾಪತಿ ಸೀಸೆರನು, ಯುದ್ಧ ಕೈಮೀರಿದಾಗ, ತನ್ನ ರಥದಿಂದ ಇಳಿದು ಕಾಲ್ನಡಿಗೆಯಲ್ಲಿ ಓಡಿಹೋದನು ಎಂಬುದೇ ಆ ಮಾತು. ರಥವಿದ್ದವನು ರಥ ಬಿಟ್ಟು ಓಡುವುದೇಕೆ? ನಗರದಲ್ಲಿ ಬೆಳೆದವರು ಈ ಸಾಲನ್ನು ಗಮನಿಸದೆ ಮುಂದೆ ಹೋಗಬಹುದು. ಆದರೆ ಸಿಂಧನೂರು, ಸಿರಗುಪ್ಪ, ಕುಷ್ಟಗಿಯ ಕಡೆಯ ಎರೆಹೊಲದಲ್ಲಿ ಒಂದು ದೊಡ್ಡ ಮಳೆಯ ಮರುದಿನ ಬಂಡಿ ಹೊಡೆಯಲು ಹೋದವರು ಇಲ್ಲಿ ನಿಲ್ಲುತ್ತಾರೆ, ಏಕೆಂದರೆ ಗಾಲಿಯ ಅಚ್ಚಿನವರೆಗೆ ಜಿಗುಟು ಮಣ್ಣು ಏರಿದ ಮೇಲೆ ಎತ್ತುಗಳ ಕೊರಳು ಬಿಚ್ಚಿ ನಡೆದುಕೊಂಡು ಮನೆಗೆ ಬರುವುದು ಅವರಿಗೆ ಗೊತ್ತಿರುವ ಸಂಗತಿ. ಗದ್ಯದಲ್ಲಿರುವ ನಾಲ್ಕನೆಯ ಅಧ್ಯಾಯ ಮಳೆಯ ಮಾತೇ ಎತ್ತುವುದಿಲ್ಲ; ಅದೇ ಯುದ್ಧವನ್ನು ಹಾಡುವ ಐದನೆಯ ಅಧ್ಯಾಯ ಮೋಡಗಳು ನೀರು ಸುರಿಸಿದವು, ಕೀಷೋನ್ ಹಳ್ಳ ವೈರಿಗಳನ್ನು ಕೊಚ್ಚಿಕೊಂಡು ಹೋಯಿತು ಎನ್ನುತ್ತದೆ. ಈ ಎರಡು ಅಧ್ಯಾಯಗಳನ್ನು ಒಂದರ ಪಕ್ಕ ಒಂದಿಟ್ಟು, ನೆಲವನ್ನು ಮರೆಯದೆ ಓದುವ ಕ್ರಮವನ್ನು ವಿವರಿಸುವುದಷ್ಟೇ ಈ ಬರಹದ ಉದ್ದೇಶ.

ಬೇಕಾದ ಸಾಮಗ್ರಿ ಹೆಚ್ಚಿಲ್ಲ: ಎರಡು ಬೇರೆ ಬೇರೆ ಕನ್ನಡ ಅನುವಾದಗಳು, ಉತ್ತರ ಇಸ್ರೇಲಿನ ಬೆಟ್ಟ ಹಳ್ಳಗಳನ್ನು ತೋರಿಸುವ ಒಂದು ನಕ್ಷೆ, ಒಂದು ನೋಟುಪುಸ್ತಕ. ಅನುವಾದ ಎರಡು ಏಕೆಂದರೆ, ಹಳೆಯದು ಮೂಲದ ಪದಗಳ ಹತ್ತಿರವಿರಲು ಹೆಣಗುತ್ತದೆ, ಈಚಿನದು ಆಡುಮಾತಿನ ಹತ್ತಿರವಿರಲು ಹೆಣಗುತ್ತದೆ, ಮತ್ತು ಅವೆರಡೂ ಭಿನ್ನವಾಗುವ ಕಡೆ ಮೂಲದಲ್ಲಿ ಏನೋ ತೊಡಕಿದೆ ಎಂದು ಓದುಗನಿಗೆ ಸುಳಿವು ಸಿಗುತ್ತದೆ. ನಮ್ಮ ಭಾಗದವರಿಗೆ ಈ ಗ್ರಂಥ ದೂರದ್ದೇನಲ್ಲ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ, ಬೈಬಲನ್ನು ಕನ್ನಡಕ್ಕೆ ತರುವ ಕೆಲಸವನ್ನು ವರ್ಷಗಟ್ಟಲೆ ನಡೆಸಿದರು. 1831ರ ಹೊತ್ತಿಗೆ ಇಡೀ ಗ್ರಂಥ ಕನ್ನಡದಲ್ಲಿ ಅಚ್ಚಾಗಿತ್ತು. ಕ್ರೈಸ್ತರು ಭಕ್ತಿಯಿಂದ ಓದಲಿ, ಇತರರು ಇತಿಹಾಸದ ಅಥವಾ ಸಾಹಿತ್ಯದ ಕುತೂಹಲದಿಂದ ಓದಲಿ, ಮುಂದೆ ಹೇಳುವ ಕ್ರಮ ಇಬ್ಬರಿಗೂ ಒಂದೇ.

ಮೊದಲ ದಿನ ನಾಲ್ಕನೆಯ ಅಧ್ಯಾಯವನ್ನು ಮಾತ್ರ ಓದಬೇಕು. ಐದನೆಯದರ ಕಡೆಗೆ ಕಣ್ಣು ಹಾಯಿಸಬಾರದು. ಕಥೆ ಹೀಗಿದೆ. ಸೀಸೆರನ ಒಡೆಯ, ಹಾಚೋರಿನ ಅರಸ ಯಾಬೀನನು ಇಸ್ರಾಯೇಲ್ಯರನ್ನು 20 ವರ್ಷ ಹಿಂಸಿಸುತ್ತಾನೆ. ಎಫ್ರಾಯೀಮಿನ ಬೆಟ್ಟದ ಸೀಮೆಯಲ್ಲಿ, ರಾಮಾ ಮತ್ತು ಬೇತೇಲ್ ಊರುಗಳ ನಡುವೆ, ಒಂದು ಖರ್ಜೂರದ ಮರದ ಕೆಳಗೆ ಕುಳಿತು ಜನರ ವ್ಯಾಜ್ಯ ತೀರಿಸುತ್ತಿದ್ದ ಪ್ರವಾದಿನಿ ದೆಬೋರಳು ನಫ್ತಾಲಿ ಸೀಮೆಯ ಬಾರಾಕನನ್ನು ಕರೆಸಿ, 10,000 ಜನರೊಂದಿಗೆ ತಾಬೋರ್ ಬೆಟ್ಟ ಏರಲು ಹೇಳುತ್ತಾಳೆ. ನೀನು ಬಂದರೆ ಹೋಗುತ್ತೇನೆ, ಇಲ್ಲದಿದ್ದರೆ ಇಲ್ಲ ಎನ್ನುತ್ತಾನೆ ಅವನು. ಬರುತ್ತೇನೆ, ಆದರೆ ಕೀರ್ತಿ ನಿನಗೆ ಸಲ್ಲದು, ಸೀಸೆರ ಒಬ್ಬ ಹೆಂಗಸಿನ ಕೈಗೆ ಸಿಗುತ್ತಾನೆ ಎನ್ನುತ್ತಾಳೆ ಅವಳು. ಯುದ್ಧ ನಡೆಯುತ್ತದೆ, ಸೀಸೆರ ಓಡುತ್ತಾನೆ, ಕೇನ್ಯ ಎಂಬ ಕುಲದ ಹೇಬೆರನ ಹೆಂಡತಿ ಯಾಯೇಲಳ ಗುಡಾರ ಸೇರುತ್ತಾನೆ. ನೀರು ಕೇಳಿದವನಿಗೆ ಅವಳು ಬುದ್ದಲಿಯ ಹಾಲು ಕೊಟ್ಟು, ಹೊದಿಕೆ ಹೊದಿಸಿ, ಅವನಿಗೆ ನಿದ್ದೆ ಹತ್ತಿದ ಮೇಲೆ ಗುಡಾರದ ಗೂಟವನ್ನು ಕಣತಲೆಯಲ್ಲಿ ಹೊಡೆಯುತ್ತಾಳೆ.

ಈ ಮೊದಲ ಓದಿನಲ್ಲಿ ಗುರುತು ಹಾಕಬೇಕಾದದ್ದು ಕಥೆಯನ್ನಲ್ಲ, ಕಥೆಗಾರ ತಡೆದು ನಿಂತ ಜಾಗಗಳನ್ನು. ಹೀಬ್ರೂ ಗದ್ಯ ಬಹಳ ಜಿಪುಣ ಗದ್ಯ; ಯಾರ ಮುಖ ಹೇಗಿತ್ತು, ಯಾರಿಗೆ ಏನನ್ನಿಸಿತು ಎಂದು ಹೇಳುವ ಅಭ್ಯಾಸ ಅದಕ್ಕಿಲ್ಲ. ಅಂಥ ಗದ್ಯ ಸಂಬಂಧವಿಲ್ಲದಂತೆ ಕಾಣುವ ಒಂದು ವಿವರಕ್ಕಾಗಿ ನಿಂತರೆ, ಅದಕ್ಕೆ ಕಾರಣವಿರುತ್ತದೆ. ನಾಲ್ಕನೆಯ ಅಧ್ಯಾಯದ 11ನೆಯ ವಚನ ನೋಡಿ: ದಂಡು ಬೆಟ್ಟ ಏರುತ್ತಿರುವಾಗ, ಹೇಬೆರನೆಂಬ ಕೇನ್ಯನೊಬ್ಬ ತನ್ನ ಕುಲದವರನ್ನು ಬಿಟ್ಟು ಬೇರೆಯಾಗಿ ಕೆದೆಷಿನ ಹತ್ತಿರ ಗುಡಾರ ಹಾಕಿಕೊಂಡಿದ್ದ ಎಂದು ಕಥೆಗಾರ ನಡುವೆ ತೂರಿಸುತ್ತಾನೆ. ಆ ಕ್ಷಣದಲ್ಲಿ ಅದು ಅನಗತ್ಯ. 17ನೆಯ ವಚನಕ್ಕೆ ಬಂದಾಗ ಆ ಗುಡಾರವೇ ಕಥೆಯ ಕೇಂದ್ರವಾಗುತ್ತದೆ. ಹಾಗೆಯೇ 'ಒಬ್ಬ ಹೆಂಗಸು' ಎಂದಾಗ ಮೊದಲ ಸಲ ಓದುವವರು ದೆಬೋರಳನ್ನೇ ನೆನೆಯುತ್ತಾರೆ, ಬಾರಾಕನೂ ಬಹುಶಃ ಹಾಗೆಯೇ ತಿಳಿದಿದ್ದ; ಆ ತಪ್ಪು ಊಹೆಯನ್ನು ಕಥೆಗಾರ ಬೇಕೆಂದೇ ಬೆಳೆಯಗೊಟ್ಟಿದ್ದಾನೆ. ಹೆಸರುಗಳನ್ನೂ ಅಂಚಿನಲ್ಲಿ ಬರೆದಿಟ್ಟುಕೊಳ್ಳಿ: ದೆಬೋರ ಎಂದರೆ ಜೇನ್ನೊಣ, ಬಾರಾಕ ಎಂದರೆ ಮಿಂಚು, ಯಾಯೇಲ ಎಂದರೆ ಕಾಡುಮೇಕೆ. ಇದರಿಂದ ದೊಡ್ಡ ತತ್ತ್ವ ಕಟ್ಟಬೇಕಾಗಿಲ್ಲ, ಆದರೆ ಮೂಲದ ಕೇಳುಗರಿಗೆ ಈ ಧ್ವನಿ ಕೇಳಿಸುತ್ತಿತ್ತು.

ಕಥೆಯ ಸುತ್ತ ಒಂದು ಚೌಕಟ್ಟಿದೆ. ಜನರು ತಮ್ಮ ದೇವರಾದ ಯೆಹೋವನ ದೃಷ್ಟಿಯಲ್ಲಿ ಕೆಟ್ಟದ್ದನ್ನು ಮಾಡಿದರು, ಆತ ಅವರನ್ನು ವೈರಿಗೆ ಮಾರಿಬಿಟ್ಟನು, ಅವರು ಮೊರೆಯಿಟ್ಟರು, ಬಿಡುಗಡೆ ಬಂತು, ದೇಶಕ್ಕೆ 40 ವರ್ಷ ಸಮಾಧಾನವಾಯಿತು. ಇದೇ ಅಚ್ಚು ಈ ಪುಸ್ತಕದಲ್ಲಿ ಒತ್ನೀಯೇಲ, ಏಹೂದ, ಗಿದ್ಯೋನರ ಕಥೆಗಳಲ್ಲೂ ಇದೆ. ಅಲ್ಲಿನ ವಿಶ್ರಾಂತಿಯ ವರ್ಷಗಳು 40, 80, 40. ಇಷ್ಟು ಗೊತ್ತಾದರೆ 40 ಎಂಬುದು ಒಂದು ತಲೆಮಾರಿನ ಲೆಕ್ಕ ಎಂದು ತಿಳಿಯುತ್ತದೆ, ಪಂಚಾಂಗ ಹಿಡಿದು ವರ್ಷ ಕೂಡಿಸುವ ಶ್ರಮ ತಪ್ಪುತ್ತದೆ.

ಎರಡನೆಯ ದಿನ ಐದನೆಯ ಅಧ್ಯಾಯ, ಅದೂ ಗಟ್ಟಿಯಾಗಿ ಓದಬೇಕು. ಹೀಬ್ರೂ ಭಾಷೆಯ ಅತ್ಯಂತ ಹಳೆಯ ಪದ್ಯಗಳಲ್ಲಿ ಇದೂ ಒಂದು ಎಂದು ಬಹುಮಂದಿ ವಿದ್ವಾಂಸರು ಎಣಿಸುತ್ತಾರೆ, ಗದ್ಯ ಇದಕ್ಕಿಂತ ಈಚಿನದು. ದರೋಜಿ ಈರಮ್ಮನವರ ಬುರ್ರಕಥೆಯನ್ನು ಕೇಳಿದವರಿಗೆ ಈ ಹಾಡಿನ ನಡೆ ಬೇಗ ಹಿಡಿಸುತ್ತದೆ, ಏಕೆಂದರೆ ಇಲ್ಲಿಯೂ ಒಂದು ಮಾತನ್ನು ಹೇಳಿ, ಅದನ್ನೇ ತುಸು ಹೊರಳಿಸಿ ಮತ್ತೆ ಹೇಳಿ, ಮೂರನೆಯ ಸಲಕ್ಕೆ ಒಂದು ಹೆಜ್ಜೆ ಮುಂದಿಡುವ ಕ್ರಮವಿದೆ. ಅವನು ನೀರು ಕೇಳಿದನು, ಅವಳು ಹಾಲು ಕೊಟ್ಟಳು, ಶ್ರೀಮಂತರ ಬಟ್ಟಲಲ್ಲಿ ಕೆನೆಮೊಸರು ತಂದಳು. ಅವಳ ಕಾಲ ಬಳಿ ಅವನು ಕುಸಿದನು, ಬಿದ್ದನು, ಮಲಗಿದನು, ಕುಸಿದಲ್ಲಿಯೇ ಬಿದ್ದನು. ಗದ್ಯದಲ್ಲಿ ಸೀಸೆರ ಮಲಗಿ ನಿದ್ರಿಸುತ್ತಿದ್ದಾನೆ, ಹಾಡಿನಲ್ಲಿ ನಿಂತವನು ಬಿದ್ದಂತೆ ಇದೆಯಲ್ಲ ಎಂದು ಕೆಲವರು ಇದನ್ನು ವಿರೋಧವೆಂದು ಹಿಡಿಯುತ್ತಾರೆ. ನನ್ನ ಮಟ್ಟಿಗೆ ಅದು ಹಾಡನ್ನು ಪಂಚನಾಮೆಯಂತೆ ಓದುವ ತಪ್ಪು. ಬೀಳುವ ದೇಹವನ್ನು ಹಾಡುಗಾರ ನಿಧಾನಗೊಳಿಸಿ ತೋರಿಸುತ್ತಿದ್ದಾನೆ, ಅಷ್ಟೇ. ಹಾಲು, ಕೆನೆಮೊಸರು ಎಂದು ಎರಡು ಪದಾರ್ಥ ಬಂದದ್ದೂ ಹಾಗೆಯೇ: ಜೋಡಿ ಸಾಲುಗಳಲ್ಲಿ ಎರಡನೆಯದು ಮೊದಲನೆಯದನ್ನು ಮೀರಿಸಬೇಕೆಂಬುದು ಹೀಬ್ರೂ ಪದ್ಯದ ರೂಢಿ.

ಆದರೆ ಎಲ್ಲ ವ್ಯತ್ಯಾಸಗಳನ್ನೂ ಹೀಗೆ ಪದ್ಯದ ಲಕ್ಷಣವೆಂದು ತಳ್ಳಿಹಾಕುವಂತಿಲ್ಲ. ನೋಟುಪುಸ್ತಕದ ಪುಟವನ್ನು ನಡುವೆ ಗೆರೆ ಎಳೆದು ಎರಡು ಭಾಗ ಮಾಡಿ, ಎಡಕ್ಕೆ ಗದ್ಯ, ಬಲಕ್ಕೆ ಹಾಡು ಎಂದು ಬರೆದುಕೊಳ್ಳಿ. ಗದ್ಯದಲ್ಲಿ ಯುದ್ಧಕ್ಕೆ ಬಂದವರು ಜೆಬುಲೂನ್ ಮತ್ತು ನಫ್ತಾಲಿ ಕುಲದವರು ಮಾತ್ರ. ಹಾಡಿನಲ್ಲಿ ಎಫ್ರಾಯೀಮ್, ಬೆನ್ಯಾಮೀನ್, ಮಾಕೀರ್, ಇಸ್ಸಾಕಾರ್ ಸೇರಿ ಆರು ಕುಲಗಳು ಬಂದಿವೆ, ರೂಬೇನ್, ಗಿಲ್ಯಾದ್, ದಾನ್, ಆಶೇರ್ ಬಂದಿಲ್ಲ. ಬಾರದವರನ್ನು ಹಾಡು ಬಿಡುವುದಿಲ್ಲ: ರೂಬೇನಿನವರು ಕುರಿದೊಡ್ಡಿಗಳ ನಡುವೆ ಕುಳಿತು ಕೊಳಲು ಕೇಳುತ್ತ ಬಹಳ ಆಲೋಚನೆ ಮಾಡಿದರಂತೆ, ಆಶೇರಿನವರು ಕಡಲ ದಂಡೆ ಬಿಟ್ಟು ಏಳಲಿಲ್ಲವಂತೆ. ಮೇರೋಜ್ ಎಂಬ ಊರಿಗಂತೂ ಶಾಪವೇ ಬಿದ್ದಿದೆ. ಆ ಊರು ಎಲ್ಲಿತ್ತೆಂದು ಇಂದಿಗೂ ಖಚಿತವಾಗಿಲ್ಲ. ಶಾಪ ಮಾತ್ರ ಉಳಿದಿದೆ. ಯೆಹೂದ, ಸಿಮೆಯೋನ್ ಕುಲಗಳ ಹೆಸರು ಹೊಗಳಿಕೆಯಲ್ಲೂ ಇಲ್ಲ, ಬೈಗುಳದಲ್ಲೂ ಇಲ್ಲ. ಇದರಿಂದ ಹಾಡಿನ ಉದ್ದೇಶ ತಿಳಿಯುತ್ತದೆ: ಕರೆಗೆ ಓಗೊಟ್ಟವರನ್ನೂ ಓಗೊಡದವರನ್ನೂ ಹೆಸರು ಹಿಡಿದು ಸಭೆಯಲ್ಲಿ ಹೇಳುವುದು. ಇನ್ನೂ ಅರಸನಿಲ್ಲದ, ಒಬ್ಬರ ಮಾತಿಗೆ ಇನ್ನೊಬ್ಬರು ಕಟ್ಟುಬಿದ್ದಿರದ ಕುಲಗಳ ಕಾಲದಲ್ಲಿ ಅಂಥ ಹಾಡಿಗೆ ದಂಡಿನಷ್ಟೇ ಬಲವಿತ್ತು.

ಈಗ ನಕ್ಷೆ. ತಾಬೋರ್ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 588 ಮೀಟರ್ ಎತ್ತರದ, ಬಯಲಿನಂಚಿನಲ್ಲಿ ಒಂಟಿಯಾಗಿ ಎದ್ದಿರುವ ದುಂಡನೆಯ ಗುಡ್ಡ. ಅದರ ಕೆಳಗೆ ಹಬ್ಬಿರುವುದು ಇಜ್ರೇಲ್ ಬಯಲು. ಈಜಿಪ್ಟಿನಿಂದ ಸಿರಿಯಾ, ಮೆಸೊಪೊಟೇಮಿಯಾಗಳಿಗೆ ಹೋಗುವ ಹಳೆಯ ಹೆದ್ದಾರಿ ಇದರ ಮೂಲಕವೇ ಹಾದುಹೋಗುತ್ತಿತ್ತು; ಆದ್ದರಿಂದಲೇ ಇಸ್ರಾಯೇಲಿನ ಅರಸ ಸೌಲನು ಗಿಲ್ಬೋವದಲ್ಲಿ, ಯೆಹೂದದ ಅರಸ ಯೋಷೀಯನು ಕ್ರಿ.ಪೂ. 609ರಲ್ಲಿ ಮೆಗಿದ್ದೋದಲ್ಲಿ, ಹೀಗೆ ಒಬ್ಬರ ನಂತರ ಒಬ್ಬರು ಈ ಬಯಲಿನ ಆಸುಪಾಸಿನಲ್ಲೇ ಸತ್ತರು. ಕೃಷ್ಣೆ ತುಂಗಭದ್ರೆಗಳ ನಡುವಿನ ಎಡೆದೊರೆ ನಾಡಿಗಾಗಿ ವಿಜಯನಗರದವರೂ ಬಹಮನಿಗಳೂ ಮತ್ತೆ ಮತ್ತೆ ಕಾದಾಡಿದ್ದನ್ನು ಬಲ್ಲ ರಾಯಚೂರಿನವರಿಗೆ, ಒಂದೇ ನೆಲ ಏಕೆ ಇಷ್ಟು ರಕ್ತ ಕುಡಿಯುತ್ತದೆ ಎಂದು ವಿವರಿಸಬೇಕಾಗಿಲ್ಲ.

ಮಣ್ಣಿನ ವಿಷಯ ಇನ್ನೂ ಹತ್ತಿರದ್ದು. ಇಜ್ರೇಲ್ ಬಯಲಿನ ಮಣ್ಣು ನಮ್ಮ ಎರೆಮಣ್ಣಿನ ಜಾತಿಗೇ ಸೇರಿದ್ದು: ಬೇಸಗೆಯಲ್ಲಿ ಗಟ್ಟಿಯಾಗಿ ಬಿರುಕು ಬಿಡುತ್ತದೆ, ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ. ಒಣಗಿದಾಗ ರಥಗಳಿಗೆ ಅದಕ್ಕಿಂತ ಒಳ್ಳೆಯ ಮೈದಾನವಿಲ್ಲ, ನೆನೆದಾಗ ಅದಕ್ಕಿಂತ ಕೆಟ್ಟದ್ದಿಲ್ಲ. ಕೀಷೋನಿಗೆ ಹೀಬ್ರೂವಿನಲ್ಲಿ ಬಳಸಿರುವ 'ನಹಲ್' ಎಂಬ ಪದ ಮಳೆಗಾಲದಲ್ಲಿ ಹರಿದು ಬೇಸಗೆಯಲ್ಲಿ ಬತ್ತುವಂಥ ಹರಿವನ್ನು ಹೇಳುತ್ತದೆ, ಆದ್ದರಿಂದ ಅದನ್ನು ನದಿ ಎನ್ನುವುದಕ್ಕಿಂತ ಹಳ್ಳ ಎನ್ನುವುದೇ ಸರಿ. ಹಳ್ಳ ಬಂತು ಎಂದರೆ ಏನೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆದರೆ ಒಂದು ಎಚ್ಚರಿಕೆ: ನಮ್ಮ ಮುಂಗಾರು ಹಿಂಗಾರುಗಳ ಲೆಕ್ಕವನ್ನು ಅಲ್ಲಿಗೆ ಹೊಂದಿಸಬಾರದು. ಅಲ್ಲಿ ಮಳೆ ಬೀಳುವುದು ಸುಮಾರು ಅಕ್ಟೋಬರಿನಿಂದ ಏಪ್ರಿಲ್‌ವರೆಗೆ, ಅದರಲ್ಲೂ ಚಳಿಗಾಲದಲ್ಲಿ; ಬೇಸಗೆ ಪೂರ್ತಿ ಒಣ. ಅನುಭವವಿದ್ದ ಸೇನಾಪತಿ 900 ರಥಗಳನ್ನು ಆ ಬಯಲಿಗೆ ಇಳಿಸಿದನೆಂದರೆ ನೆಲ ಒಣಗಿದ್ದ ಹೊತ್ತು ನೋಡಿಯೇ ಇಳಿಸಿರಬೇಕು, ಮಳೆ ಅವನ ಎಣಿಕೆಗೆ ಮೀರಿ ಬಂದಿರಬೇಕು ಎಂಬುದು ನನ್ನ ಊಹೆ. ಪಠ್ಯದಲ್ಲಿ ಈ ಮಾತಿಲ್ಲ. ಇಂಥ ಊಹೆಗಳನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆದುಕೊಳ್ಳುವುದು ಒಳ್ಳೆಯದು, ಇಲ್ಲದಿದ್ದರೆ ಆರು ತಿಂಗಳ ನಂತರ ಅದು ಗ್ರಂಥದಲ್ಲೇ ಇದೆ ಎಂದು ನಾವೇ ವಾದಿಸತೊಡಗುತ್ತೇವೆ.

ಹಾಗಾದರೆ ಗದ್ಯಕ್ಕೆ ಮಳೆ ಗೊತ್ತೇ ಇರಲಿಲ್ಲವೆ? 15ನೆಯ ವಚನದಲ್ಲಿ ಯೆಹೋವನು ಸೀಸೆರನ ದಂಡನ್ನು ಗಲಿಬಿಲಿಗೊಳಿಸಿದನು ಎಂದಿದೆ. ಅಲ್ಲಿನ ಹೀಬ್ರೂ ಕ್ರಿಯಾಪದ 'ವಯ್ಯಾಹೊಮ್'. ಇದೇ ಪದ ಬೈಬಲಿನ ಬೇರೆ ಪುಸ್ತಕಗಳಲ್ಲೂ, ಅಂದರೆ ವಿಮೋಚನಕಾಂಡ 14ರಲ್ಲಿ ಸಮುದ್ರದ ನಡುವೆ ಸಿಕ್ಕ ಈಜಿಪ್ಟಿನ ರಥಗಳ ಬಗ್ಗೆ, ಯೆಹೋಶುವ 10ರಲ್ಲಿ ಆಕಾಶದಿಂದ ಕಲ್ಲು ಬಿದ್ದ ಯುದ್ಧದ ಬಗ್ಗೆ, ಒಂದನೆಯ ಸಮುವೇಲ 7ರಲ್ಲಿ ಗುಡುಗಿನಿಂದ ಫಿಲಿಷ್ಟಿಯರು ಚೆದುರಿದ ಸಂದರ್ಭದಲ್ಲಿ ಬಂದಿದೆ. ಆ ಕಾಲದ ಕೇಳುಗರ ಕಿವಿಗೆ ಈ ಒಂದು ಪದದಲ್ಲಿಯೇ ನೀರು, ಗುಡುಗು, ಆಲಿಕಲ್ಲುಗಳ ಸದ್ದು ಕೇಳಿಸಿರಬಹುದು. ಒಂದು ಪದ ಬೇರೆ ಎಲ್ಲೆಲ್ಲಿ ಬಂದಿದೆ ಎಂದು ಹುಡುಕುವುದು ಈ ಓದಿನಲ್ಲಿ ಅತ್ಯಂತ ಫಲ ಕೊಡುವ ಕೆಲಸ, ಪದಾನುಕ್ರಮಣಿಕೆ ಇದ್ದರೆ ಹೀಬ್ರೂ ಬಾರದವರೂ ಮಾಡಬಹುದಾದದ್ದು.

ಸಂಖ್ಯೆಗಳ ವಿಷಯದಲ್ಲಿ ಓದುಗರು ಎರಡು ತುದಿಗಳಿಗೆ ಹೋಗುತ್ತಾರೆ. ಕೆಲವರು ಪ್ರತಿ ಅಂಕಿಯನ್ನೂ ನಂಬುತ್ತಾರೆ, ಕೆಲವರು ಎಲ್ಲವೂ ಬುರುಡೆ ಎನ್ನುತ್ತಾರೆ. ಮೊದಲು ಹೋಲಿಕೆಗೆ ಸಿಗುವುದನ್ನು ಹೋಲಿಸಬೇಕು. ಈಜಿಪ್ಟಿನ ಅರಸ ಮೂರನೆಯ ಥುತ್ಮೋಸನು ಕ್ರಿ.ಪೂ. 15ನೆಯ ಶತಮಾನದಲ್ಲಿ ಮೆಗಿದ್ದೋ ಯುದ್ಧದಲ್ಲಿ ವಶಪಡಿಸಿಕೊಂಡ ರಥಗಳು 924 ಎಂದು ಕರ್ನಾಕ್ ದೇವಾಲಯದ ಗೋಡೆಯ ಬರಹ ಹೇಳುತ್ತದೆ. ಆದರೆ ಅದು ಹಲವು ಅರಸರ ಒಕ್ಕೂಟದ ರಥಗಳು; ಒಬ್ಬನ ಕೈಯಲ್ಲಿ 900 ಎಂಬುದು ಬಹಳವೇ ಆಯಿತು. 'ಕಬ್ಬಿಣದ ರಥ' ಎಂದರೂ ಮರದ ರಥಕ್ಕೆ ಕಬ್ಬಿಣದ ಪಟ್ಟಿ, ಕೀಲುಗಳನ್ನು ಜಡಿದದ್ದು ಎಂದೇ ತಿಳಿಯಬೇಕು. ಇಡೀ ಕಬ್ಬಿಣದ ರಥವನ್ನು ಯಾವ ಕುದುರೆಯೂ ಎಳೆಯದು. ಇನ್ನು 10,000 ಎಂಬಲ್ಲಿನ 'ಸಾವಿರ'ಕ್ಕೆ ಹೀಬ್ರೂವಿನಲ್ಲಿ 'ಎಲೆಫ್' ಎನ್ನುತ್ತಾರೆ. ಅದೇ ಪದಕ್ಕೆ ಮನೆತನಗಳ ಗುಂಪು ಎಂಬ ಅರ್ಥವೂ ಇದೆ, ಗಿದ್ಯೋನನು ಮನಸ್ಸೆ ಕುಲದಲ್ಲಿ ನನ್ನ 'ಎಲೆಫ್' ತೀರ ದುರ್ಬಲ ಎನ್ನುವಾಗ ಅದನ್ನೇ ಹೇಳುತ್ತಾನೆ. ಹಾಗಾಗಿ ಹತ್ತು ತುಕಡಿಗಳು ಎಂದು ಓದುವವರಿದ್ದಾರೆ. ಈ ಓದು ಎಲ್ಲ ಕಡೆಯೂ ಹೊಂದುವುದಿಲ್ಲ ಎಂಬುದನ್ನೂ ಸೇರಿಸಬೇಕು.

ಕಥೆ ಕೈ ಬದಲಿಸಿದಂತೆ ಸಂಖ್ಯೆ ಬೆಳೆಯುವುದನ್ನು ಕಣ್ಣಾರೆ ನೋಡಬಹುದು. ಕ್ರಿ.ಶ. ಮೊದಲನೆಯ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಇದೇ ಕಥೆಯನ್ನು ಹೇಳುವಾಗ ಯಾಬೀನನಿಗೆ 3,00,000 ಕಾಲಾಳು, 10,000 ಕುದುರೆ, 3,000 ರಥ ಕೊಡುತ್ತಾನೆ. ಆಲಿಕಲ್ಲಿನ ಬಿರುಗಾಳಿಯನ್ನೂ ಸೇರಿಸುತ್ತಾನೆ. ನಮ್ಮಲ್ಲೇ ನೋಡಿ: 1520ರ ರಾಯಚೂರು ಯುದ್ಧಕ್ಕೆ ಕೃಷ್ಣದೇವರಾಯನು 7,03,000 ಕಾಲಾಳು, 32,600 ಕುದುರೆ, 551 ಆನೆ ತಂದನೆಂದು ಪೋರ್ಚುಗೀಸ್ ವರ್ತಕ ನ್ಯೂನಿಜ್ ಬರೆದಿದ್ದಾನೆ. ಆ ಲೆಕ್ಕವನ್ನು ಯಾರೂ ಅಕ್ಷರಶಃ ನಂಬಬೇಕಾಗಿಲ್ಲ, ಆದರೆ ಅದಕ್ಕಾಗಿ ರಾಯಚೂರಿನಲ್ಲಿ ಯುದ್ಧವೇ ಆಗಲಿಲ್ಲ ಎನ್ನುವವರೂ ಇಲ್ಲ. ಅದೇ ಯುದ್ಧದಲ್ಲಿ ಇಸ್ಮಾಯಿಲ್ ಆದಿಲ್ ಶಾಹನ ದಂಡು ಹಿಂದಕ್ಕೆ ನೂಕಿಸಿಕೊಂಡು ಕೃಷ್ಣೆಯಲ್ಲಿ ಮುಳುಗಿದ್ದನ್ನು ನ್ಯೂನಿಜ್ ರಾಯನ ಧೈರ್ಯಕ್ಕೆ ಸಲ್ಲಿಸಿದರೆ, ಬಿಜಾಪುರದ ಆಶ್ರಯದಲ್ಲಿ ಬರೆದ ಫಿರಿಶ್ತಾ ತನ್ನ ಸುಲ್ತಾನನು ಮದ್ಯದ ಅಮಲಿನಲ್ಲಿ ಹೊಳೆ ದಾಟಿದ್ದಕ್ಕೆ ಹೊರಿಸುತ್ತಾನೆ. ಹೊಳೆ ಇಬ್ಬರಲ್ಲೂ ಇದೆ, ಕಾರಣ ಮಾತ್ರ ಬೇರೆ. ಕೀಷೋನಿನ ಎರಡು ಅಧ್ಯಾಯಗಳನ್ನು ತೂಗುವಾಗ ಈ ಜೋಡಿ ನೆನಪಿನಲ್ಲಿದ್ದರೆ ಸಾಕು.

'ಒಬ್ಬನೂ ಉಳಿಯಲಿಲ್ಲ' ಎಂಬ 16ನೆಯ ವಚನದ ಮಾತು ಆ ಕಾಲದ ವಿಜಯದ ನುಡಿಗಟ್ಟು. ಕ್ರಿ.ಪೂ. 1208ರ ಸುಮಾರಿನ, ಈಜಿಪ್ಟಿನ ಅರಸ ಮೆರ್ನೆಪ್ತಾನ ಶಾಸನ ಇಸ್ರಾಯೇಲ್ ಹಾಳಾಯಿತು, ಅದರ ಬೀಜವೇ ಇಲ್ಲ ಎನ್ನುತ್ತದೆ, ಕ್ರಿ.ಪೂ. 9ನೆಯ ಶತಮಾನದ ಮೋವಾಬಿನ ಅರಸ ಮೇಷನ ಶಾಸನ ಇಸ್ರಾಯೇಲ್ ಎಂದೆಂದಿಗೂ ನಾಶವಾಯಿತು ಎನ್ನುತ್ತದೆ. ಎರಡೂ ಸಲ ಇಸ್ರಾಯೇಲ್ ಉಳಿದಿತ್ತು. ವೀರಗಲ್ಲಿನ ನಡುವಿನ ಪಟ್ಟಿಕೆಯಲ್ಲಿ ವೀರನನ್ನು ಅಪ್ಸರೆಯರು ಕರೆದೊಯ್ಯುವುದನ್ನು ನೋಡಿ ನಾವು ಸಾಕ್ಷಿ ಕೇಳುವುದಿಲ್ಲವಷ್ಟೆ.

ನಿಜವಾಗಿ ಕಷ್ಟ ಕೊಡುವುದು ಯಾಬೀನನ ಪ್ರಶ್ನೆ. ಯೆಹೋಶುವ 11ರಲ್ಲಿ ಹಾಚೋರಿನ ಅರಸ ಯಾಬೀನನನ್ನು ಕೊಂದು ಊರನ್ನು ಸುಟ್ಟದ್ದಾಗಿದೆ. ಇಲ್ಲಿ ಅದೇ ಹೆಸರಿನ ಅರಸ ಅದೇ ಊರಿನಲ್ಲಿ ಮತ್ತೆ ಆಳುತ್ತಿದ್ದಾನೆ. ಹಾಡಿನಲ್ಲಿ ಯಾಬೀನನ ಹೆಸರೇ ಇಲ್ಲ, ತಾನಾಕಿನಲ್ಲಿ ಮೆಗಿದ್ದೋ ನೀರಿನ ಬಳಿ ಕಾದಿದವರು 'ಕಾನಾನಿನ ಅರಸರು'. ಯಾಬೀನ ಎಂಬುದು ವಂಶದ ಹೆಸರು ಎನ್ನುವವರು ಒಂದು ಕಡೆ, ಎರಡು ಬೇರೆ ನೆನಪುಗಳು ಗದ್ಯದಲ್ಲಿ ಬೆರೆತಿವೆ ಎನ್ನುವವರು ಇನ್ನೊಂದು ಕಡೆ. ಇಸ್ರೇಲಿನ ಪುರಾತತ್ವಜ್ಞ ಯಿಗಾಯೆಲ್ ಯಾದಿನ್ 1955ರಿಂದ ನಡೆಸಿದ ಉತ್ಖನನದಲ್ಲಿ ಹಾಚೋರಿನ ದೊಡ್ಡ ಕಾನಾನ್ಯ ನಗರ ಕ್ರಿ.ಪೂ. 13ನೆಯ ಶತಮಾನದಲ್ಲಿ ಬೆಂಕಿಗೆ ಆಹುತಿಯಾದದ್ದು ಕಂಡುಬಂದಿತು, ಆಮೇಲೆ ಬಹುಕಾಲ ಅಲ್ಲಿ ಅಂಥ ನಗರವಿರಲಿಲ್ಲ. ಎರಡನೆಯ ವಾದವೇ ನನಗೆ ಹೆಚ್ಚು ಸಮಂಜಸವೆನಿಸುತ್ತದೆ: ಸೀಸೆರನ ಮೇಲಿನ ಗೆಲುವು ಮೂಲ ನೆನಪು, ಯಾಬೀನ ಆಮೇಲೆ ಅಂಟಿಕೊಂಡ ಹೆಸರು. ಓದುಗರು ಒಪ್ಪಲೇಬೇಕೆಂದಿಲ್ಲ, ಆದರೆ ತೊಡಕನ್ನು ಕಾಣದಂತೆ ದಾಟಿಹೋಗಬಾರದು.

ಯಾಯೇಲಳ ಬಳಿಗೆ ಕೊನೆಗೆ ಬರಬೇಕು, ಏಕೆಂದರೆ ಅವಸರದ ತೀರ್ಪು ಹುಟ್ಟುವುದು ಅಲ್ಲಿಯೇ. ಅವಳ ಮನೆಗೂ ಯಾಬೀನನಿಗೂ ಸಮಾಧಾನವಿತ್ತು ಎಂದು ಗದ್ಯ ಸ್ಪಷ್ಟವಾಗಿ ಹೇಳುತ್ತದೆ. ಒಳಗೆ ಬಾ, ಹೆದರಬೇಡ ಎಂದು ಕರೆದವಳೂ ಅವಳೇ. ಗುಡಾರದಲ್ಲಿ ಬಾಳುವವರಿಗೆ ಆಶ್ರಯ ಪಡೆದವನನ್ನು ಕೊಲ್ಲುವುದಕ್ಕಿಂತ ದೊಡ್ಡ ದ್ರೋಹವಿಲ್ಲ. ಗದ್ಯ ಅವಳನ್ನು ಹೊಗಳುವುದಿಲ್ಲ, ತೆಗಳುವುದಿಲ್ಲ. ಹಾಡು ಮಾತ್ರ ಗುಡಾರದ ಹೆಂಗಸರಲ್ಲೆಲ್ಲ ಧನ್ಯಳು ಎನ್ನುತ್ತದೆ. ಅವಳು ಏಕೆ ಹಾಗೆ ಮಾಡಿದಳೆಂದು ಎರಡೂ ಹೇಳುವುದಿಲ್ಲ. ಉಪದೇಶಕರು ಈ ಮೌನವನ್ನು ತಮಗೆ ತೋಚಿದ ಕಾರಣದಿಂದ ತುಂಬುತ್ತಾರೆ. ಪುಟದಲ್ಲಿ ಅದನ್ನು ಖಾಲಿ ಬಿಡುವುದು ಹೆಚ್ಚು ಪ್ರಾಮಾಣಿಕ. ಅದೇ ಪುಟದಲ್ಲಿ ಹಾಡಿನ ಕೊನೆಯ ದೃಶ್ಯವನ್ನೂ ಬರೆದುಕೊಳ್ಳಿ. ಸೀಸೆರನ ತಾಯಿ ಜಾಲಂಧ್ರದ ಕಿಟಕಿಯಿಂದ ನೋಡುತ್ತ, ಮಗನ ರಥ ಬರಲು ಇಷ್ಟು ತಡವೇಕೆ ಎನ್ನುತ್ತಾಳೆ. ಕೊಳ್ಳೆ ಹಂಚುತ್ತಿರಬೇಕು, ಒಬ್ಬೊಬ್ಬನಿಗೆ ಒಂದೆರಡು ಹೆಣ್ಣು, ಬಣ್ಣದ ಕಸೂತಿ ಬಟ್ಟೆ ಎಂದು ಅವಳ ಸುತ್ತಲಿನ ಜಾಣೆಯರು ಉತ್ತರಿಸುತ್ತಾರೆ. ಹೀಬ್ರೂವಿನಲ್ಲಿ ಅಲ್ಲಿರುವ ಪದ ಹೆಣ್ಣು ಅಲ್ಲ, 'ಗರ್ಭ'. ಅನುವಾದಗಳು ಸಾಮಾನ್ಯವಾಗಿ ಮೃದುಗೊಳಿಸುತ್ತವೆ. ಅದೇ ಹಾಡಿನ 7ನೆಯ ವಚನದಲ್ಲಿ ದೆಬೋರಳನ್ನು ಇಸ್ರಾಯೇಲಿನಲ್ಲಿ ತಾಯಿ ಎಂದು ಕರೆದಿರುವುದನ್ನು ಇದರ ಎದುರಿಗಿಡಬೇಕು. ಕಿಟಕಿಯಲ್ಲಿರುವ ತಾಯಿಗೆ ಸುದ್ದಿ ಮುಟ್ಟಿಸುವ ದೂತನನ್ನು ಹಾಡು ಕಳಿಸುವುದಿಲ್ಲ.

ಇಷ್ಟಾದ ಮೇಲೆ ಇದೇ ಕ್ರಮವನ್ನು ವಿಮೋಚನಕಾಂಡದ 14 ಮತ್ತು 15ನೆಯ ಅಧ್ಯಾಯಗಳ ಮೇಲೆ ಪ್ರಯೋಗಿಸಿ ನೋಡಬಹುದು. ಅಲ್ಲಿಯೂ ಒಂದೇ ಘಟನೆ ಮೊದಲು ಗದ್ಯದಲ್ಲಿ, ಆಮೇಲೆ ಹಾಡಿನಲ್ಲಿ ಬರುತ್ತದೆ. ಆದರೆ ರಥದ ಗಾಲಿಗಳು ಕೆಟ್ಟು ಸಾಗದಾದ ಮಾತು ಈ ಸಲ ಗದ್ಯದಲ್ಲಿದೆ, ಹಾಡಿನಲ್ಲಿ ಇಲ್ಲ.